ರೇವಂತನ ಹಳೆಯ ಕನ್ನಡಕ

"ಅವ್ವಾ, ಕಣದಲ್ಲಿ ಕಾಫಿ ಕೆದರ್ತಿರೋನು ಧರ್ಮಣ್ಣ ಅಲ್ವಾ? ಗಡ್ಡ ಬಿಟ್ಟವ್ನೆ!"

ಎಸ್ಟೇಟಿನ ಆಳುಗಳ ಲೈನ್ ಮನೆಯ ಬಾಗಿಲಲ್ಲಿ ನಿಂತು ಚೈತ್ರಶ್ರೀ ಕೂಗಿದಳು. ಒಳಗೆ ಅಕ್ಕಿ ಆರಿಸುತ್ತಿದ್ದ ಚಿನ್ನಮ್ಮ ತಲೆ ಎತ್ತಲಿಲ್ಲ. "ಅವನಲ್ದೆ ಇನ್ಯಾರು, ಡೀಸಿ ಸಾಹೇಬ್ರು ಬತ್ತಾರಾ? ದಿನಾ ಅವನೇ ತಾನೆ ಅಲ್ಲಿರೋನು."

"ದಿನಾ ಯಾರೋ ಒಬ್ರು ಅಂತ ಗೊತ್ತಾಯ್ತಿತ್ತು. ಇವತ್ತು ಮುಖ ಐತೆ."

ಚಿನ್ನಮ್ಮ ಈಗ ನೋಡಿದಳು. ಮಗಳ ಮೂಗಿನ ಮೇಲೆ ಕಪ್ಪು ಕಟ್ಟಿನ ಕನ್ನಡಕವಿತ್ತು. ಬೆಳಿಗ್ಗೆ ಬಂಗಲೆಯ ಬೀರು ಖಾಲಿ ಮಾಡಿಸಿದ ಯಜಮಾನಿ ಶಿವಲೀಲಾ, ಮಗ ರೇವಂತನ ಹಳೆಯ ಬಟ್ಟೆಗಳನ್ನು ಚೀಲದಲ್ಲಿ ತುಂಬಿ ಕೊಟ್ಟಿದ್ದರು. ಯಾವುದೋ ಅಂಗಿಯ ಜೇಬಿನಲ್ಲಿ ಇದೂ ಬಂದಿರಬೇಕು. ಅವರು ಕೊಟ್ಟಿದ್ದು ಬಟ್ಟೆ, ಕನ್ನಡಕವಲ್ಲ. ಹೋದ ವರ್ಷ ಬಂಗಲೆಯಲ್ಲಿ ಬೆಳ್ಳಿ ಚಮಚ ಕಾಣದಾದಾಗ ಭೂತಮ್ಮನ ಕೆಲಸ ಹೋಗಿತ್ತು; ಆಮೇಲೆ ಚಮಚ ಸಿಕ್ಕಿತು, ಕೆಲಸ ಸಿಗಲಿಲ್ಲ. ಚಿನ್ನಮ್ಮ ಕನ್ನಡಕವನ್ನು ಕಿತ್ತು ಸೆರಗಿನಲ್ಲಿ ಸುತ್ತಿಕೊಂಡು, ಮಗಳ ಕೈ ಹಿಡಿದು ಬಂಗಲೆಯ ಏರು ಹತ್ತಿದಳು.

ಅವರ ನಡುವೆ ಶಾಲೆಯ ಮಾತು ನಿಂತು ಕೆಲವು ದಿನಗಳೇ ಆಗಿದ್ದವು. ಹತ್ತನೇ ಕ್ಲಾಸಿನ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಹುಡುಗಿ ಎಲ್ಲದರಲ್ಲೂ ಫೇಲಾಗಿದ್ದಳು. ಸೋಮವಾರದಿಂದ ಶಾಲೆ ಬಿಟ್ಟು ಕಾಫಿ ಹಣ್ಣು ಬಿಡಿಸಲು ಬರುತ್ತಾಳೆ ಎಂದು ಚಿನ್ನಮ್ಮ ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್‌ಗೆ ಹೇಳಿಬಿಟ್ಟಿದ್ದಳು. ಹುಡುಗಿ ಅತ್ತಿರಲಿಲ್ಲ, ಬೇಡವೆಂದೂ ಅಂದಿರಲಿಲ್ಲ. ಪುಸ್ತಕಗಳನ್ನು ಅಟ್ಟದ ಮೇಲೆ ಇಟ್ಟಿದ್ದಳು, ಅಷ್ಟೆ.

"ಅಮ್ಮಾರೆ, ತಿಳೀದೆ ಬಂದ್ಬುಟ್ಟೈತೆ. ನಾವು ತಕ್ಕಂಡಿದ್ದಲ್ಲ," ಎಂದು ಚಿನ್ನಮ್ಮ ವರಾಂಡದ ಕೆಳಗೇ ನಿಂತು ಸೆರಗು ಬಿಚ್ಚಿದಳು.

ಶಿವಲೀಲಾ ನಕ್ಕುಬಿಟ್ಟರು. "ಇದಕ್ಕೆ ಓಡಿ ಬಂದ್ಯಾ ಮಾರಾಯ್ತಿ? ರೇವಂತ ಹೈಸ್ಕೂಲಲ್ಲಿದ್ದಾಗಿಂದು. ಅವನಿಗೀಗ ಮಂಗಳೂರಲ್ಲಿ ಬೇರೆ ಮಾಡ್ಸಿದೀವಿ." ಆಮೇಲೆ ಹುಡುಗಿಯ ಕಡೆ ತಿರುಗಿದರು. "ಏನೇ, ಹಾಕ್ಕಂಡಿದ್ಯಾ ಇದನ್ನ? ಜಾಸ್ತಿ ನಂಬರಿಂದು ಕಣೇ, ತಲೆ ಸುತ್ತಲಿಲ್ವಾ?"

"ಇಲ್ಲಮ್ಮ. ತೆಗದ್ಮೇಲೆ ಸುತ್ತೈತೆ."

ಶಿವಲೀಲಾರ ನಗು ನಿಂತಿತು. ಹುಡುಗಿಯನ್ನು ಮೇಲೆ ಕರೆದು, ವರಾಂಡದ ಆ ತುದಿಯ ಗೋಡೆಯಲ್ಲಿದ್ದ ಕ್ಯಾಲೆಂಡರ್ ತೋರಿಸಿ ಓದು ಎಂದರು. ಹುಡುಗಿ ಕಣ್ಣು ಕಿರಿದು ಮಾಡಿ ಗೋಡೆಯತ್ತ ಒಂದು ಹೆಜ್ಜೆ ಸರಿದಳು. ಕನ್ನಡಕ ಕೊಟ್ಟರು. ತಿಂಗಳು, ವಾರ, ತಿಥಿ, ಕೆಳಗಿನ ಅಂಗಡಿಯ ಹೆಸರಿನವರೆಗೂ ಒಂದೇ ಉಸಿರಿಗೆ ಓದಿದಳು.

"ಯಾವಾಗಿಂದ ಕಾಣ್ತಿಲ್ಲ ನಿಂಗೆ?"

"ಕಾಣ್ತಿತ್ತಲ್ಲಮ್ಮ. ಎಲ್ರಿಗೂ ಹಂಗೇ ಕಾಣ್ತೈತೆ ಅಂದ್ಕಂಡಿದ್ದೆ."

"ಮತ್ತೆ ಬೋರ್ಡು?"

"ಮೇಷ್ಟ್ರು ಬಾಯಲ್ಲಿ ಹೇಳಿದ್ದಷ್ಟು ಬರ್ಕತಿದ್ದೆ. ಲೆಕ್ಕ ಅವ್ರು ಬಾಯಲ್ಲಿ ಹೇಳಲ್ಲ."

"ದಡ್ಡಿ ಅಂತ ಹಿಂದಿನ ಬೆಂಚಿಗೆ ಹಾಕ್ಬುಟ್ರು," ಎಂದಳು ಚಿನ್ನಮ್ಮ. ಮಗಳ ಕಡೆ ನೋಡಿ, "ನಾನೂ ಹಂಗೇ ಅಂದ್ಬುಟ್ಟೆ," ಎಂದು ಸೇರಿಸಿದಳು.

ಶಿವಲೀಲಾ ಕುರ್ಚಿಯಲ್ಲಿ ಕುಳಿತರು. ರೇವಂತ ಎಲ್‌ಕೆಜಿಯಲ್ಲಿದ್ದಾಗ ಟೀವಿಯ ಹತ್ತಿರ ಹತ್ತಿರ ಸರಿಯುತ್ತಿದ್ದ. ನೋಡಿದ ಎರಡನೇ ದಿನವೇ ಹಾಸನದ ಡಾಕ್ಟರ ಮುಂದೆ ಕೂರಿಸಿದ್ದರು. ಈ ಹುಡುಗಿ ಅಷ್ಟೂ ವರ್ಷ ಇದೇ ಅಂಗಳದಲ್ಲಿ ಓಡಾಡಿದ್ದಳು, ಹೂ ಕಿತ್ತು ಕೊಟ್ಟಿದ್ದಳು. ದೂರದಿಂದ ಕರೆದರೆ ಯಾರೋ ಎನ್ನುವಂತೆ ನೋಡುತ್ತಾಳೆ, ಸೊಕ್ಕು ಎಂದು ಅವರೇ ಒಮ್ಮೆ ಬೈದಿದ್ದರು. ಕೆಳಗೆ ಕಣದಲ್ಲಿ ಧರ್ಮಣ್ಣ ಕಾಫಿ ಎಳೆಯುವ ಸದ್ದು ಕೇಳುತ್ತಿತ್ತು.

"ನಾಳೆ ಕಾರಲ್ಲಿ ಸಕಲೇಶಪುರಕ್ಕೆ ಹೋಗಣ," ಎಂದರು ಕೊನೆಗೆ. "ಇನ್ನೊಬ್ರುದ್ದು ಹಾಕ್ಕಬಾರ್ದು, ಅವಳ ಕಣ್ಣಿಗೆ ಅವಳದ್ದೇ ಮಾಡ್ಸಣ. ರೈಟರ್‌ಗೆ ನಾನು ಹೇಳ್ತೀನಿ. ಸೋಮವಾರ ಇವಳು ಶಾಲೆಗೆ ಹೋಗ್ಲಿ."

ಚೈತ್ರಶ್ರೀ ಅವ್ವನ ಮುಖ ನೋಡಿದಳು. ಚಿನ್ನಮ್ಮ ಮೆಟ್ಟಿಲು ಹತ್ತಿ ಬಂದು, ಬೇಡ ಬೇಡ ಎನ್ನುತ್ತಿದ್ದಂತೆ ಶಿವಲೀಲಾರ ಕಾಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಅವಳ ದನಿಯಲ್ಲಿ ಕೊಂಕಿರಲಿಲ್ಲ. ಕೃತಜ್ಞತೆ ಮಾತ್ರ ಇತ್ತು.

"ಸಣ್ಣ ಸಾವ್ಕಾರ್ರು ನೂರು ವರ್ಷ ಬಾಳ್ಲಿ ಅಮ್ಮಾರೆ. ಅವ್ರ ಕಣ್ಣು ಕೆಟ್ಟಿದ್ದು ನಮ್ ಪುಣ್ಯ."