ನೂರು ವರ್ಷದ ಕುರ್ಚಿ

ಗೋಡೆಗೆ ಕಡುಹಸಿರು ಬಣ್ಣವನ್ನು ಅವಳೇ ಬಳಿದಿದ್ದಳು. ರದ್ದಿ ಅಂಗಡಿಯಿಂದ ಕಿಲೋ ಲೆಕ್ಕದಲ್ಲಿ ತಂದ ಪುಸ್ತಕಗಳು ಕಪಾಟು ತುಂಬಿದ್ದವು. ಆ ಓದುವ ಕೋಣೆಗೆ ಇನ್ನು ಬೇಕಾಗಿದ್ದುದು ಒಂದು ಹಳೇ ಕಾಲದ ಕುರ್ಚಿ. ಹಳೇ ಸಾಮಾನಿನ ಅಂಗಡಿಯಲ್ಲಿ ಅಂಥದೊಂದಿತ್ತು, ಆದರೆ ಬೆಲೆ ಎಟುಕುವಂತಿರಲಿಲ್ಲ. ಆಸೆಯಿಂದ ಅದರ ಕೈ ಸವರಿ, ತನ್ನ ಅಂಗೈ ನೋಡಿಕೊಂಡು, ಮುಷ್ಟಿ ಬಿಗಿದಳು.

ಅಷ್ಟರಲ್ಲಿ ಕಾರಿನಿಂದ ಇಳಿದ ಹೆಂಗಸೊಬ್ಬಳು ಅದೇ ಕುರ್ಚಿಯ ಮುಂದೆ ನಿಂತಳು.

"ನಿಜವಾಗ್ಲೂ ಹಳೇದೇನ್ರೀ?"

"ನೂರು ವರ್ಷದ್ದು ಮೇಡಂ. ಇದೇ ಊರಿನ ದೊಡ್ಡ ಮನೆಯದು. ಹೋದ ತಿಂಗಳು ಮನೆ ಖಾಲಿ ಮಾಡಿದ್ರು," ಎಂದ ಅಂಗಡಿಯವನು.

ಹೆಂಗಸು ಚೌಕಾಸಿಯನ್ನೂ ಮಾಡದೆ ಪರ್ಸ್ ತೆರೆದಳು.

"ತಗೊಳ್ಳಿ ಅಕ್ಕ," ಎಂದಳು ಇವಳು ಮೆಲ್ಲಗೆ. "ಅದು ನಮ್ಮನೇದೇ. ನಮ್ಮ ಯಜಮಾನರು ಇದರಲ್ಲಿ ಕೂತಲ್ಲೇ ಹೋಗಿಬಿಟ್ರು. ತಿಥಿ ಮುಗಿಸಿ ಮಾರಿದ್ವಿ. ಇನ್ನೊಂದ್ಸಲ ನೋಡ್ಕೊಂಡು ಹೋಗೋಣ ಅಂತ ಬಂದೆ."

"ಅಯ್ಯೋ, ಸತ್ತವರ ಕುರ್ಚಿನಾ? ಬೇಡಪ್ಪಾ!"

ಅಂಗಡಿಯವನು ಏನೋ ಹೇಳಲು ಬಾಯಿ ತೆರೆದವನು, ಆ ಹೆಂಗಸಿನ ಮುಖ ನೋಡಿ ಸುಮ್ಮನಾದ. ಕಾರು ಹೊರಟುಹೋಯಿತು.

"ಏನಮ್ಮಾ, ಗಂಡನ್ನೇ ಸಾಯಿಸಿ ಸುಳ್ಳು ಹೇಳ್ತೀರಲ್ಲ!" ಅವನು ಸಿಡಿದ. "ಹೋದ ವಾರ ನಾನೇ ಮಾಡಿಸಿದ ಕುರ್ಚಿ ಇದು!"

"ನಮ್ಮ ಯಜಮಾನರು ಹೋಗಿದ್ದು ನಿಜ," ಎಂದು ಅವಳು ಮುಷ್ಟಿ ಬಿಚ್ಚಿದಳು. ಅಂಗೈ ತುಂಬ ಇನ್ನೂ ಒಣಗದ ಕಂದು ಪಾಲಿಷ್ ಮೆತ್ತಿತ್ತು. "ಈಗ ಹೊಸ ಕುರ್ಚಿ ರೇಟು ಹೇಳಿ."