ಟರ್ಬೊ ಕೂರಿಸಿದವರು

ಎರಡನೆಯ ಬೋಲ್ಟೂ ತುಕ್ಕಿಗೆ ಮುರಿದು ಕೈಗೆ ಬಂದಾಗ ಶ್ರೀಕಂಠ ಸ್ಪ್ಯಾನರನ್ನು ನೆಲಕ್ಕೆ ಎಸೆದ. "ವಾಪಸ್ ಕಳಿಸಿಬಿಡೋಣ ಈ ದರಿದ್ರಾನ" ಎಂದವನು ಒಳಗೆ ಹೋಗಿ ಟಿ.ವಿ. ಹಾಕಿಕೊಂಡ. ಸ್ಯಾನ್ ರಮೋನ್‌ನ ಅಪಾರ್ಟ್‌ಮೆಂಟಿನ ಕಾರು ನಿಲ್ಲಿಸುವ ಜಾಗದಲ್ಲಿ ಅವರ ಪುಟ್ಟ ಜಪಾನಿ ಕಾರು ಬಾನೆಟ್ ತೆರೆದುಕೊಂಡು ನಿಂತಿತ್ತು. ಪಕ್ಕದಲ್ಲಿ ಅಂಚೆಯಲ್ಲಿ ತರಿಸಿದ ಟರ್ಬೊ ಕಿಟ್ಟಿನ ಪೆಟ್ಟಿಗೆ. ಎಂಜಿನ್ನು ಹೊರಗೆ ಬಿಡುವ ಹೊಗೆಯ ರಭಸದಲ್ಲೇ ಒಂದು ಚಕ್ರ ತಿರುಗಿಸಿ, ಅದೇ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ ಅದು. ಫ್ರೀವೇಯಲ್ಲಿ ಏರು ಬಂದಾಗಲೆಲ್ಲ ಆಫೀಸಿನವರ ಕಾರುಗಳು ತನ್ನನ್ನು ಹಿಂದಕ್ಕೆ ಹಾಕುವುದು ಅವನಿಗೆ ಸಹಿಸಲಾಗಿರಲಿಲ್ಲ.

ಅವನ ಹೆಂಡತಿ ವಸುಧಾ ಸೀರೆ ಬದಲಿಸಿ ಅವನದೇ ಹಳೆಯ ಪ್ಯಾಂಟು ತೊಟ್ಟು ಕೆಳಗಿಳಿದಳು. ಮೈಸೂರಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ, ಮದುವೆಗೆ ಮುಂಚೆ ಎರಡು ವರ್ಷ ಪಂಪಿನ ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದವಳು. ಗಂಡನ ವೀಸಾದ ಮೇಲೆ ಬಂದವರು ಇಲ್ಲಿ ದುಡಿಯುವಂತಿರಲಿಲ್ಲ. ಮೂರು ವರ್ಷದಿಂದ ಅವಳ ಕೈಗೆ ಸಿಕ್ಕ ಯಂತ್ರಗಳೆಂದರೆ ಮಿಕ್ಸಿ ಮತ್ತು ವ್ಯಾಕ್ಯೂಮ್ ಕ್ಲೀನರು.

ಒಂಬತ್ತು ದಿನ ಶ್ರೀಕಂಠ ಸ್ನೇಹಿತರ ಕಾರಿನಲ್ಲಿ ಆಫೀಸಿಗೆ ಹೋಗಿಬಂದ. ಒಂಬತ್ತು ದಿನವೂ ವಸುಧಾ ಕಾರಿನ ಕೆಳಗಿದ್ದಳು. ಮುರಿದ ಬೋಲ್ಟುಗಳನ್ನು ಕೊರೆದು ತೆಗೆದಳು, ಆಯಿಲ್ ಕೊಳವೆ ಎಳೆದಳು, ಎಂಜಿನ್ನಿನೊಳಗೆ ಕಿಡಿ ಹೊತ್ತುವ ಸಮಯವನ್ನು ಕೂದಲೆಳೆಯಷ್ಟು ತಡವಾಗಿಸಿದಳು. ಗಾಳಿಯ ಒತ್ತಡ ಐದು ಪೌಂಡು ದಾಟದಂತೆ ಸ್ಕ್ರೂ ಬಿಗಿದು, ಗಂಡನನ್ನು ಕರೆದು ತೋರಿಸಿದಳು.

"ಇದನ್ನ ಮಾತ್ರ ಮುಟ್ಬೇಡಿ. ಇದಕ್ಕಿಂತ ಹೆಚ್ಚಾದ್ರೆ ಎಂಜಿನ್ ತಡ್ಕೊಳ್ಳಲ್ಲ."

ಶ್ರೀಕಂಠ ಫ್ರೀವೇಗೆ ಒಂದು ಸುತ್ತು ಹೋಗಿಬಂದ. ಇಳಿದವನೇ ಅವಳ ಜಿಡ್ಡು ಕೈ ಹಿಡಿದುಕೊಂಡು, "ವಸು, ನೀನು ಅಸಾಧ್ಯ ಕಣೆ!" ಎಂದ. ಅವತ್ತು ಎರಡು ಸಲ ಸೋಪು ಹಾಕಿ ತೊಳೆದರೂ ಅವಳ ಉಗುರಿನ ಸಂದಿಯ ಕಪ್ಪು ಹೋಗಲಿಲ್ಲ. ಹೋಗಲಿ ಎಂದು ಅವಳಿಗೂ ಅನ್ನಿಸಲಿಲ್ಲ.

ಭಾನುವಾರ ಎವರ್‌ಗ್ರೀನ್‌ನಲ್ಲಿ ಗೆಳೆಯ ಜಯರಾಮ್ ಮನೆಯಲ್ಲಿ ಊಟ. ಊಟ ಮುಗಿಸಿದ ಗಂಡಸರೆಲ್ಲ ಕಾರಿನ ಸುತ್ತ ನೆರೆದರು. ವಸುಧಾ ಕಾಫಿಯ ತಟ್ಟೆ ಹಿಡಿದು ಹೊರಬರುವ ಹೊತ್ತಿಗೆ ಜಯರಾಮ್ ಬಾನೆಟ್ಟಿನೊಳಗೆ ತಲೆ ಹಾಕಿದ್ದ.

"ಇಷ್ಟೂ ನೀನೇ ಮಾಡಿದ್ಯೇನೋ?"

"ಮತ್ಯಾರು? ಒಂಬತ್ತು ದಿನ ಕಣಯ್ಯ. ಸೊಂಟ ಬಿದ್ಹೋಯ್ತು." ಹೆಂಡತಿಯನ್ನು ಕಂಡು ಶ್ರೀಕಂಠ ಒಂದು ಕ್ಷಣ ತಡವರಿಸಿದ. ಆಮೇಲೆ ನಕ್ಕು, "ವಸೂನೂ ಪಾಪ, ಟಾರ್ಚ್ ಹಿಡ್ಕೊಂಡು ನಿಂತಿರ್ತಿದ್ಲು" ಎಂದ.

ಎಲ್ಲರೂ ನಕ್ಕರು. ವಸುಧಾ ಒಬ್ಬೊಬ್ಬರಿಗೂ ಲೋಟ ಕೊಟ್ಟು, ಖಾಲಿ ತಟ್ಟೆಯನ್ನು ಎದೆಗೊತ್ತಿಕೊಂಡು ಒಳಗೆ ಹೋದಳು. ಬಾಗಿಲು ಮುಚ್ಚುವಾಗ ಜಯರಾಮ್ ಕೇಳುತ್ತಿದ್ದದ್ದು ಕಿವಿಗೆ ಬಿತ್ತು: "ಇನ್ನೂ ಜೋರಾಗಿ ಓಡಿಸ್ಬಹುದೇನೋ ಇದನ್ನ?"

ಹೊರಟಾಗ ನಾಲ್ಕು ಗಂಟೆ. ಮನೆಯ ದಾರಿಯಲ್ಲಿ ಸಿಗುವ ಸುನೋಲ್ ಏರಿನಲ್ಲಿ ಕಾರಿನ ಓಟ ನೋಡಬೇಕೆಂದು ಜಯರಾಮ್ ತನ್ನ ಕಾರಿನಲ್ಲಿ ಹಿಂದೆಯೇ ಬಂದ. ಏರು ಶುರುವಾಗುತ್ತಲೇ ಶ್ರೀಕಂಠ ಆಕ್ಸಿಲರೇಟರ್ ಒತ್ತಿದ. ಒತ್ತಡ ತೋರಿಸುವ ಮುಳ್ಳು ಐದನ್ನು ದಾಟಿತು, ಏಳನ್ನೂ ದಾಟಿತು.

"ಸ್ಕ್ರೂ ಮುಟ್ಟಿದ್ರಾ?"

"ಎರಡು ಸುತ್ತು ಅಷ್ಟೇ. ನೋಡು ಹೆಂಗೆ ಹೋಗ್ತಿದೆ!"

ಎಂಜಿನ್ನಿನೊಳಗೆ ತಗಡಿನ ಡಬ್ಬಿಗೆ ಕಲ್ಲು ಹಾಕಿ ಅಲುಗಿಸಿದಂಥ ಸದ್ದು. "ಕಾಲು ತೆಗೀರಿ. ರೀ, ಕಾಲು ತೆಗೀರಿ!" ಎಂದು ವಸುಧಾ ಕೂಗಿದಳು. ಶ್ರೀಕಂಠ ಕನ್ನಡಿ ನೋಡುತ್ತಿದ್ದ. ಅದರಲ್ಲಿ ಜಯರಾಮ್‌ನ ಕಾರು ಚಿಕ್ಕದಾಗುತ್ತಿತ್ತು. ಆಗಲೇ ಮುಂದೆ ಢಮ್ಮೆಂದಿತು. ನೀಲಿ ಹೊಗೆ ಗಾಜನ್ನು ಮುಚ್ಚಿತು. ಹೇಗೋ ಬಲಕ್ಕೆಳೆದು ರಸ್ತೆಯಂಚಿಗೆ ನಿಲ್ಲಿಸಿದ.

ಹಿಂದೆ ಕಾರು ನಿಲ್ಲಿಸಿ ಜಯರಾಮ್ ಓಡಿಬಂದ. ವಸುಧಾ ಬಾನೆಟ್ ಎತ್ತಿ ನೋಡಿದಳು. ಎಂಜಿನ್ನಿನ ಮೇಲೆಲ್ಲ ಆಯಿಲ್ ಚೆಲ್ಲಿ ಕುದಿಯುತ್ತಿತ್ತು. ಪಿಸ್ಟನ್ ತೂತಾಗಿದೆ ಎಂದು ತಿಳಿಯಲು ಬಿಚ್ಚಿ ನೋಡಬೇಕಾಗಿರಲಿಲ್ಲ.

"ಏನಾಯ್ತೋ ಶ್ರೀಕಂಠ?"

ಶ್ರೀಕಂಠ ಕರ್ಚೀಫಿನಿಂದ ಕುತ್ತಿಗೆ ಒರೆಸಿಕೊಂಡ. "ಏನ್ ಹೇಳ್ಲಯ್ಯ. ನಿಜ ಹೇಳ್ಬೇಕೂಂದ್ರೆ ಇದನ್ನೆಲ್ಲ ಮಾಡಿದ್ದು ಇವಳು. ಓದಿದೀನಿ, ನಂಗೆ ಬರುತ್ತೆ ಅಂದ್ಲು. ನಾನೂ ನಂಬಿ ಬಿಟ್ಟುಬಿಟ್ಟೆ."

ಜಯರಾಮ್ ಅವಳತ್ತ ತಿರುಗಿದ. ಅವನ ದನಿಯಲ್ಲಿ ಕೋಪವಿರಲಿಲ್ಲ, ಮರುಕವಿತ್ತು. "ನಿಮಗ್ಯಾಕ್ರೀ ಬೇಕಿತ್ತು ಇದೆಲ್ಲ?"

ಸ್ಕ್ರೂವಿನ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಅಲ್ಲೇ ತಡೆದು ಬಾನೆಟ್ ಮುಚ್ಚಿದಳು. ಕಾರು ಎಳೆದೊಯ್ಯುವವರಿಗೆ ಫೋನ್ ಮಾಡಲು ಜಯರಾಮ್ ಮುಂದಿನ ಎಕ್ಸಿಟ್ಟಿನ ಫೋನ್ ಬೂತಿನತ್ತ ಹೊರಟುಹೋದ. ಗಂಡ ಹೆಂಡತಿ ಕಾರಿನೊಳಗೆ ಕುಳಿತರು. ಲಾರಿಗಳು ಹಾದುಹೋದಾಗಲೆಲ್ಲ ಕಾರು ಅಲ್ಲಾಡುತ್ತಿತ್ತು.

"ಬೇಜಾರ್ ಮಾಡ್ಕೋಬೇಡ ವಸು" ಎಂದ ಶ್ರೀಕಂಠ. "ಅವನ ಮುಂದೆ ಏನಾದ್ರೂ ಹೇಳ್ಲೇಬೇಕಿತ್ತಲ್ಲ."

"ಇಲ್ಲ. ಅದನ್ನೇ ಇನ್ನೊಂದು ಸಲ ಹೇಳಿ."

"ಯಾವುದನ್ನ?"

"ಇದನ್ನೆಲ್ಲ ಮಾಡಿದ್ದು ಇವಳು ಅಂದ್ರಲ್ಲ, ಅದನ್ನ."