ಎರಡು ಮೊಳ ಹಿಂದಕ್ಕೆ

ಬೆಳಿಗ್ಗೆ ಎಂಟೂವರೆಗೆ ಜಾವಗಲ್ ಹತ್ತಿರ ರಂಗೇಗೌಡರ ಕಣದಲ್ಲಿ ಟ್ರ್ಯಾಕ್ಟರಿಗೆ ಜೋಡಿಸಿದ ಫ್ಯಾನು ಮೊದಲ ಸಲ ತಿರುಗಿತು. ಅದು 1998ರ ಜನವರಿ. ಅಲ್ಲಿಯವರೆಗೆ ಇಪ್ಪತ್ತೆರಡು ಸುಗ್ಗಿ ಆ ಕಣದ ರಾಗಿಯನ್ನು ಗಾಳಿ ನೋಡಿಕೊಂಡು ಮೊರದಲ್ಲಿ ತೂರಿದವಳು ದ್ಯಾವಮ್ಮ. ಹೊಟ್ಟಿನ ಜೊತೆ ಹಾರಿ ಬಿದ್ದ ಕಾಳು ತೂರಿದವರಿಗೆ ಸೇರಬೇಕೆನ್ನುವುದು ಅಲ್ಲಿನ ರೂಢಿ. ಹೋದ ವರ್ಷ ಹಾಗೆ ಒಂದು ಮೂಟೆ ಸಿಕ್ಕಿತ್ತು. ಅವಳ ಮನೆಯವರು ಮಳೆಗಾಲದವರೆಗೆ ಉಂಡದ್ದು ಅದನ್ನೇ.

“ಈ ಸಲ ತೂರೋ ಕೆಲ್ಸ ಇಲ್ಲ ಕಣಮ್ಮಿ. ಆಮೇಲೆ ಹೊಟ್ಟು ಕೇರಿ ಸಿಕ್ಕಿದ್ ಕಾಳು ತಗೊಂಡು ಹೋಗು,” ಎಂದರು ಗೌಡರು.

ಫ್ಯಾನನ್ನು ತೀರಾ ಹತ್ತಿರ ಇಟ್ಟಿದ್ದರು. ಸುರಿದ ರಾಗಿಯಲ್ಲಿ ಕಾಲುಭಾಗ ಹೊಟ್ಟಿನ ಗುಡ್ಡೆಗೆ ಹೋಗಿ ಬೀಳುತ್ತಿತ್ತು. ಗೌಡರಿಗಾಗಲಿ, ಡ್ರೈವರ್ ಧರ್ಮೇಶನಿಗಾಗಲಿ ಅದು ಗೊತ್ತಾಗಲಿಲ್ಲ. ದ್ಯಾವಮ್ಮ ಒಂದು ಹಿಡಿ ಹೊಟ್ಟು ಎತ್ತಿ ಅಂಗೈ ಮೇಲಿಟ್ಟು ಊದಿದಳು. ಗಟ್ಟಿ ಕಾಳು ಉಳಿಯಿತು. “ಧರ್ಮೇಶ, ಒಳ್ಳೆ ಕಾಳೆಲ್ಲ ಹಾರೋಯ್ತಾ ಐತೆ. ಎರಡು ಮೊಳ ಹಿಂದಕ್ಕೆ ತಗಳಪ್ಪ,” ಅಂದುಬಿಟ್ಟಳು. ಕಣದಲ್ಲಿ ಕಾಳು ಹಾರಿದರೆ ಕೂಗಿ ಹೇಳುವುದು ಇಷ್ಟು ವರ್ಷ ಅವಳ ಕೆಲಸವಾಗಿತ್ತು. ಹೇಳಿದ ಮೇಲೆ ಅಂಗೈಯಲ್ಲಿದ್ದ ಕಾಳು ನೋಡಿಕೊಂಡಳು.

ಗೌಡರು ಬಂದು ಹೊಟ್ಟಿಗೆ ಕೈ ಹಾಕಿ ನೋಡಿದರು. “ನೋಡ್ಲಾ, ಮಿಷನ್ನಿಗೂ ದ್ಯಾವಮ್ಮನೇ ಮೇಷ್ಟ್ರು,” ಎಂದು ನಕ್ಕರು. ಧರ್ಮೇಶ ಟ್ರ್ಯಾಕ್ಟರನ್ನು ಹಿಂದಕ್ಕೆ ತೆಗೆದ. ಹಾರಿಹೋಗಿದ್ದ ಕಾಳನ್ನು ಗೌಡರು ಬಾಚಿಸಿ ಮತ್ತೆ ತೂರಿಸಿದರು. ಹನ್ನೊಂದು ಗಂಟೆಗೆ ರಾಶಿ ಮುಗಿಯಿತು. ಸಂಜೆಯವರೆಗೆ ಹೊಟ್ಟನ್ನೆಲ್ಲ ಕೇರಿದ ದ್ಯಾವಮ್ಮನಿಗೆ ಅರ್ಧ ಸೇರು ರಾಗಿ ಸಿಕ್ಕಿತು.